ಕುಂಬಾರ ಹುಳದ ಗೂಡು

ಪುಸ್ತಕದಲ್ಲಿರುವ ಗೂಡಿನ ಚಿತ್ರ ತೋರಿಸಿ ಗೂಡಿನ ಪಾಠ ಮುಗಿಸುವುದೆಂದರೆ, ಉಪ್ಪಿನಕಾಯಿಯ ಚಿತ್ರ ತೋರಿಸಿ ಊಟದಿಂದ ಎಬ್ಬಿಸಿದ ಹಾಗೆ ಎಂಬುದು ಗಂಗಾಂಬಿಕೆ ಮೇಡಂ ಅವರ ವಾದ. ಸಾಲಗಾಮೆಯ ಹತ್ತಿರದ ಆ ಪುಟ್ಟ ಊರಿನ ಪ್ರಾಥಮಿಕ ಶಾಲೆಯಲ್ಲಿ ಈ ವಾದ ಕೇಳಿ ಕೇಳಿ ಹೆಡ್‌ಮಾಸ್ತರು ರುದ್ರಯ್ಯನವರಿಗೆ ಸಾಕಾಗಿತ್ತು. ಎದುರು ಮಾತಾಡಿದರೆ ಮೇಡಂ ಕೆರಳುತ್ತಾರೆಂದು ಸುಮ್ಮನಿದ್ದರು.

"ನಾಳೆ ಎಲ್ಲರೂ ಒಂದೊಂದು ಗೂಡು ತರಬೇಕು" ಎಂದು ಮೇಡಂ ನಾಲ್ಕನೇ ತರಗತಿಗೆ ಹೇಳಿದರು. "ಖಾಲಿ ಗೂಡು. ಮೊಟ್ಟೆ, ಮರಿ ಇರೋದನ್ನ ಮುಟ್ಟಿದ್ರೋ, ಕಿವಿ ಕಿತ್ತು ಕೈಗೆ ಕೊಡ್ತೀನಿ."

ಮಾರನೆಯ ದಿನ ಮೇಜಿನ ಮೇಲೆ ಗೀಜಗನ ಗೂಡು, ಬಸವನಹುಳುವಿನ ಚಿಪ್ಪು, ಇರುವೆ ಹೊಲಿದ ಮಾವಿನೆಲೆ ಎಲ್ಲವೂ ಬಂದು ಕುಳಿತವು. ಕೀರ್ತಿರಾಜ್ ಜೇನುಹುಟ್ಟು ತಂದಿದ್ದ.

"ಜೇನು ಎಲ್ಲೋ?"

"ತಿಂದ್ಬುಟ್ಟೆ ಮಿಸ್. ನೀವೇ ಖಾಲಿ ಇರ್ಬೇಕು ಅಂದ್ರಲ್ಲಾ."

ಕೊನೆಗೆ ಮೇಘಶ್ರೀ ಬಂದಳು. ಮಾತು ಕಮ್ಮಿಯ ಹುಡುಗಿ. ಟಿಫಿನ್ ಡಬ್ಬಿಯೊಳಗೆ ಹತ್ತಿ ಹಾಸಿ, ಅದರ ಮೇಲೆ ಮಣ್ಣಿನ ಗೂಡೊಂದನ್ನು ಮಲಗಿಸಿಕೊಂಡು ತಂದಿದ್ದಳು. ಕುಂಬಾರ ಹುಳದ ಗೂಡು. ಸಣ್ಣ ಮಡಕೆಯಂತೆ ನುಣ್ಣಗಿತ್ತು, ಬಾಯಿ ಮುಚ್ಚಿತ್ತು.

"ಎಲ್ಲಿತ್ತೇ ಇದು?"

"ನಮ್ಮನೆ ಬಾಗ್ಲ ಮ್ಯಾಲೆ ಮಿಸ್. ಒಳಗೇನೈತೆ ನೋಡಿ ಹೇಳಿ ಮಿಸ್."

ಬಾಯಿ ಮುಚ್ಚಿದ ಗೂಡು ಖಾಲಿಯಿರುವುದಿಲ್ಲ ಎಂದು ಮೇಡಂಗೆ ಗೊತ್ತಿತ್ತು. ಆದರೆ ಮಕ್ಕಳ ಕಣ್ಣೆಲ್ಲ ತನ್ನ ಕೈಮೇಲಿದ್ದ ಆ ಗಳಿಗೆಯಲ್ಲಿ ತಾನೇ ಮಾಡಿದ ಕಾನೂನು ಮರೆತುಹೋಯಿತು. ಕೈವಾರದ ಮೊನೆಯಿಂದ ಮೀಟಿದರು. ಮಣ್ಣು ಚಕ್ಕೆಯಾಗಿ ಎದ್ದಿತು. ಒಳಗೆ ಹಸಿರು ಕಂಬಳಿಹುಳುಗಳು ಒತ್ತೊತ್ತಾಗಿ ಬಿದ್ದಿದ್ದವು. ಅವುಗಳ ನಡುವಿನಿಂದ ಅನ್ನದ ಅಗುಳಿನಂಥ ಬಿಳಿ ಮರಿಹುಳುವೊಂದು ಮೇಜಿನ ಮೇಲೆ ಉರುಳಿತು.

"ನೋಡ್ರೋ! ತಾಯಿ ಈ ಹಸಿರು ಹುಳುಗಳನ್ನ ಸಾಯಿಸಿಲ್ಲ. ಕುಟುಕಿ, ಮಿಸುಕಾಡದ ಹಾಗೆ ಮಾಡಿ ತುಂಬಿಟ್ಟಿದೆ. ಮರಿಗೆ ಬುತ್ತಿ!" ಎಂದು ಮೇಡಂ ಸಂಭ್ರಮದಿಂದ ಹೇಳುತ್ತಿದ್ದರು.

"ಈ ಬೆಳ್ಳಗಿರೋದು ಏನು ಮಿಸ್?" ಮೇಘಶ್ರೀ ಮೇಜಿನ ಮೇಲೆ ಬಗ್ಗಿ ಕೇಳಿದಳು.

"ಅದೇ ಕಣೇ ಮಗು. ಅಯ್ಯೋ, ಹೊರಗೆ ಬಿತ್ತಲ್ಲ. ಇನ್ನು ಬದುಕಲ್ಲ."

ಹುಡುಗಿಯ ಮುಖ ಸುಣ್ಣ ಬಳಿದಂತಾಯಿತು. ಡಬ್ಬಿಯನ್ನೂ ಎತ್ತಿಕೊಳ್ಳದೆ ಹೋಗಿ ತನ್ನ ಜಾಗದಲ್ಲಿ ಕುಳಿತಳು. ಮೇಡಂ ಅದನ್ನು ಗಮನಿಸಲೇ ಇಲ್ಲ.

ಮಾರನೆಯ ದಿನ ಮೇಘಶ್ರೀ ಶಾಲೆಗೆ ಬರಲಿಲ್ಲ.

"ಅವ್ಳು ಬರಾಕಿಲ್ಲ ಮಿಸ್" ಎಂದ ಕೀರ್ತಿರಾಜ್. "ಅವರಮ್ಮ ಬಸ್ರಿ. ಕುಂಬಾರ ಹುಳ ಗೂಡು ಕಟ್ಟಿದ್ರೆ ಮನೇಲಿ ಮಗು ಆಯ್ತದೆ. ಗೂಡು ಗುಂಡಗಿದ್ರೆ ಎಣ್ಣು, ಉದ್ದುಕಿದ್ರೆ ಗಂಡು. ಗೂಡು ಒಡೆದ್ರೆ ಮಗು ಓಯ್ತದೆ. ತಮ್ಮನೋ ತಂಗಿನೋ ನೀವೇ ನೋಡಿ ಹೇಳ್ತೀರಾ ಅಂತ ತಂದಿದ್ಲು."

ಮೇಡಂ ಕುರ್ಚಿಯಲ್ಲಿ ಕುಳಿತುಬಿಟ್ಟರು. 'ಅದೇ ಕಣೇ ಮಗು, ಇನ್ನು ಬದುಕಲ್ಲ' ಎಂದು ಆ ಮಗುವಿನ ಮುಖಕ್ಕೇ ಹೇಳಿದ್ದೆನಲ್ಲ!

ಶಾಲೆ ಬಿಟ್ಟದ್ದೇ ತಡ, ಮೇಘಶ್ರೀಯ ಮನೆಗೆ ನಡೆದರು. ಜಗುಲಿಯ ಮೇಲೆ ಅಜ್ಜಿ ಲಕ್ಕಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಕಂಡ ಕೂಡಲೇ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಬನ್ನಿ ಮೇಡಮ್ಮಾ, ಬನ್ನಿ. ಇನ್ನೇನು ಒಡೆಯಾಕೆ ಬಂದ್ರಿ? ಓದ್ಸಲ ಒಂದು ಕಳ್ಕಂಡಿದೀವಿ. ಎಂಟ್ ದಿನ ಅತ್ತವ್ಳೆ ನನ್ ಸೊಸೆ. ಈಗ ಏಳು ತುಂಬ್ತಾ ಐತೆ. ನಿಮ್ ಪಾಠಕ್ಕೆ ನಮ್ಮನೆ ಗೂಡೇ ಬೇಕಿತ್ತಾ?"

ಮೇಡಂಗೆ ಕೋಪ ನೆತ್ತಿಗೇರಿತು. "ಶಾಲೆಯ ಆಫೀಸ್ ಕಿಟಕೀಲೂ ಗೂಡು ಕಟ್ಟಿದೆ ಲಕ್ಕಮ್ಮ. ಅಲ್ಲಿ ಕೂರೋದು ನಾನು, ರುದ್ರಯ್ಯ ಮೇಷ್ಟ್ರು, ಇಬ್ಬರೇ. ನಮ್ಮಲ್ಲಿ ಯಾರು ಬಸುರಿ, ನೀವೇ ಹೇಳಿ!"

ಲಕ್ಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಒತ್ತಿಕೊಂಡರೂ ನಗು ಬಂದೇಬಿಟ್ಟಿತು. "ಥೂ, ನಿಮ್ಮ ಬಾಯಿಗಿಷ್ಟು. ಒಳಿಕ್ಕೆ ಬನ್ನಿ. ಕೂಸು ರಾಗಿ ಮೂಟೆ ಇಂದೆ ಕುಂತದೆ, ನೆನ್ನೆಯಿಂದ ಒಂದ್ ತುತ್ತು ಉಂಡಿಲ್ಲ."

ಮೇಘಶ್ರೀ ಮೂಟೆಗಳ ಸಂದಿಯಲ್ಲಿ ಮೊಣಕಾಲಿಗೆ ಮುಖ ಒತ್ತಿ ಕುಳಿತಿದ್ದಳು. ಕಿಟಕಿ ಮತ್ತು ಮೇಷ್ಟರ ತಮಾಷೆ ಅವಳಿಗೂ ಕೇಳಿಸಿರಬೇಕು, ಆದರೆ ಅವಳು ನಗಲಿಲ್ಲ. ದೊಡ್ಡವರನ್ನು ನಗಿಸಿದ ಮಾತು ಮಗುವಿನ ಹೆದರಿಕೆಯನ್ನು ಮುಟ್ಟಿಯೂ ಇರಲಿಲ್ಲ.

ಮಂಚದ ಮೇಲಿದ್ದ ತಾಯಿ ಸ್ನೇಹಲತಾ ಎದ್ದು ಕುಳಿತಳು. ಮೇಡಂ ಹತ್ತಿರ ಹೋದಾಗ ದನಿ ತಗ್ಗಿಸಿ ಹೇಳಿದಳು. "ಬೆಳಗ್ಗೆಯಿಂದ ಕೂಸು ಒಸಿ ಕಮ್ಮಿ ಮಿಸುಕ್ತೈತೆ ಮಿಸ್. ನಾನೇ ಹೆದ್ರಿ ಅಂಗೆ ಅನ್ನುಸ್ತೈತೋ ಏನೋ. ಅತ್ತೆಗೆ ಹೇಳಿಲ್ಲ."

ಮಣ್ಣಿನ ಗೂಡಿಗೂ ಬಸುರಿಗೂ ಸಂಬಂಧವಿಲ್ಲ ಎಂದು ಗಂಗಾಂಬಿಕೆ ಮೇಡಂಗೆ ಗೊತ್ತು. ಗೊತ್ತಿದ್ದರೂ ಹೆದರಿಕೆಯಾಯಿತು. ಅದಕ್ಕೆ ತಮ್ಮ ಮೇಲೆಯೇ ರೇಗಿತು.

"ಹೊಟ್ಟೆಗೇನು ತಿಂದೆ?"

"ಇವಳು ಉಣ್ಲಿಲ್ಲ ಅಂತ ನನಗೂ ಸೇರ್ಲಿಲ್ಲ."

"ಸರಿಹೋಯ್ತು! ಹಸಿದ ಹೊಟ್ಟೇಲಿ ಕೂಸು ಕುಣೀತದಾ? ಲಕ್ಕಮ್ಮ, ಹಾಲು, ಬೆಲ್ಲ, ಬಾಳೆಹಣ್ಣು ತನ್ನಿ. ನಿಮ್ಮ ಮಗ ರವೀಂದ್ರನಿಗೆ ಫೋನ್ ಮಾಡಿ, ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಲಿ. ಕೂಸು ಸರಿಯಾಗಿ ಮಿಸುಕದಿದ್ರೆ ಈಗಲೇ ಹಾಸನದ ಆಸ್ಪತ್ರೆಗೆ ಹೊರಡೋದು. ಎಡಕ್ಕೆ ತಿರುಗಿ ಮಲಕ್ಕೋ ನೀನು."

ಲಕ್ಕಮ್ಮನ ನಗು ಅಲ್ಲೇ ಆರಿತು. ಅಡಿಗೆಮನೆಗೆ ಓಡಿದಳು.

ಸ್ನೇಹಲತಾ ಹಾಲು ಕುಡಿದು ಮಲಗಿದ ಮೇಲೆ ಮೇಡಂ ಮೂಟೆಗಳ ಮುಂದೆ ನೆಲದ ಮೇಲೆ ಕುಳಿತರು.

"ಇಲ್ಲಿ ಕೇಳು ಮೇಘಶ್ರೀ. ಆ ಬಿಳಿ ಹುಳ ಕುಂಬಾರ ಹುಳದ ಮಗು. ಅದು ಸತ್ತದ್ದು ನನ್ನಿಂದ. ಮರಿ ಇದ್ರೆ ಮುಟ್ಟಬೇಡಿ ಅಂತ ನಿಮಗೆ ಹೇಳಿ ನಾನೇ ಒಡೆದೆ. ನನ್ನ ಕಿವಿ ನಾನೇ ಕಿತ್ಕೋಬೇಕು. ಆದ್ರೆ ನಿಮ್ಮಮ್ಮನ ಮಗು ಮಣ್ಣಿನೊಳಗಿಲ್ಲ ಪುಟ್ಟಾ, ಅಮ್ಮನೊಳಗೇ ಐತೆ."

"ಸುಳ್ಳು" ಎಂದಳು ಮೇಘಶ್ರೀ, ಮುಖ ಎತ್ತದೆ. "ನೀವೇ ಮಗು ಅಂದ್ರಿ. ಬದುಕಲ್ಲ ಅಂದ್ರಿ."

"ಅಂದೆ. ಅದಕ್ಕೇ ಈಗ ನನ್ನ ಮಾತು ನಂಬಬೇಡ ಅಂತೀನಿ. ಅಜ್ಜಿ ಮಾತೂ ಬೇಡ. ಬಂದು ಕೈಯಿಟ್ಟು ನೋಡು."

"ಅದು ಮಿಸುಕದೇ ಓದ್ರೆ?"

"ಗಾಡಿ ಬತ್ತೈತೆ. ಡಾಕ್ಟ್ರ ಹತ್ರ ಹೋಗೋಣ. ನಾನೂ ಬರ್ತೀನಿ" ಎಂದು ಮೇಡಂ ಕೈ ಚಾಚಿದರು.

ಹುಡುಗಿ ಆ ಕೈ ಹಿಡಿದು ಹೊರಬರಲು ಬಹಳ ಹೊತ್ತು ಹಿಡಿಯಿತು. ಸ್ನೇಹಲತಾ ಮಗಳ ಅಂಗೈಯನ್ನು ತನ್ನ ಹೊಟ್ಟೆಯ ಮೇಲಿಟ್ಟು, ಅದರ ಮೇಲೆ ತನ್ನ ಕೈ ಮುಚ್ಚಿದಳು. ಬೀದಿಯಲ್ಲಿ ಯಾರದೋ ಟ್ರ್ಯಾಕ್ಟರ್ ಹಾದುಹೋಯಿತು. ಲಕ್ಕಮ್ಮ ಬಾಗಿಲ ದಾರಂದ ಹಿಡಿದು ನಿಂತಿದ್ದಳು. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಮೇಡಂ ಏಳಲೆಂದು ನೆಲಕ್ಕೆ ಕೈಯೂರಿದರು.

"ಅಮ್ಮಾ!"

ಮೇಘಶ್ರೀ ಬೆಂಕಿ ತಾಕಿದಂತೆ ಕೈ ಎಳೆದುಕೊಂಡಳು. ಮರುಕ್ಷಣವೇ ಎರಡೂ ಕೈ ಇಟ್ಟಳು. "ಗುದ್ತು ಮಿಸ್! ನನ್ ಕೈಗೇ ಗುದ್ತು! ಇನ್ನೊಂದ್ಸಲ... ಅಗೋ!"

ಸ್ನೇಹಲತಾ ನಗುತ್ತಲೇ ಅತ್ತಳು. "ಹಾಲು ಕುಡಿದಿದ್ದಕ್ಕೆ ಒದೆ ಕೊಡ್ತೈತೆ ನೋಡು, ಈಗ್ಲೇ ಈ ಸೊಕ್ಕು."

ಮೇಡಂ ಮೂಗು ಒರೆಸಿಕೊಂಡು ಗಟ್ಟಿಯಾಗಿ ಬೈದರು. "ಆದ್ರೂ ಒಂದು ಸಲ ತೋರಿಸ್ಕೊಂಡೇ ಬರಬೇಕು, ಗಾಡಿ ಬಂದಿರೋದು ಸುಮ್ನೆ ನಿಲ್ಲೋಕಲ್ಲ. ಏಳಿ, ಏಳಿ."

ಮೇಘಶ್ರೀ ಕದಲಲಿಲ್ಲ. ಹೊಟ್ಟೆಗೆ ಕೆನ್ನೆ ಒತ್ತಿಕೊಂಡು, ಕಣ್ಣು ಮುಚ್ಚಿ, ಒಳಗಿನ ಒಂದೊಂದು ಗುದ್ದಿಗೂ "ಹೂಂ, ಹೂಂ" ಎಂದು ಓಗೊಡುತ್ತಿದ್ದಳು. ಲಕ್ಕಮ್ಮ ಮಂಚದ ಹತ್ತಿರ ಬಂದು ಮೊಮ್ಮಗಳ ಭುಜ ತಟ್ಟಿದಳು.

"ಒಸಿ ಸರ್ಕೊಳ್ಳೆ ಅಮ್ಮಿ, ನಂಗೂ ಒಂದ್ ಕೈ ಜಾಗ ಬುಡು."