ಡ್ರೈವರಿಗೆ ಹಳದಿ ಪಟ್ಟಿ

ಆ ಊರನ್ನು ಹುಡುಕಿದವಳು ನಾನು. ಹ್ಯೂಸ್ಟನ್ ದಾಟಿ ಕೆಳಗಿಳಿದರೆ ಕಡಲ ದಂಡೆಯಲ್ಲಿ ಒಂದು ಪುಟ್ಟ ಊರು. ಹಿಂದೆ ದ್ರಾಕ್ಷಿ ತೋಟ, ಮುಂದೆ ಸಮುದ್ರ. ಅಲ್ಲಿಯ ಒಂದು ವೈನರಿಯ ಜಗಲಿಯಲ್ಲಿ ಮರದ ಕುರ್ಚಿಗಳನ್ನು ಸಮುದ್ರಕ್ಕೆ ಮುಖ ಮಾಡಿ ಇಟ್ಟಿದ್ದ ಫೋಟೋ ನೋಡಿ, ಚಳಿಗಾಲದಲ್ಲೇ ಬಾಡಿಗೆಗೆ ಮನೆ ಬುಕ್ ಮಾಡಿಬಿಟ್ಟೆ. ಆ ಕುರ್ಚಿಯಲ್ಲಿ ಕಾಲು ಚಾಚಿ, ಕೈಯಲ್ಲೊಂದು ಗ್ಲಾಸ್ ವೈನ್ ಹಿಡಿದು, ಯಾರೂ ಕೂಗಿ ಕರೆಯದ ಒಂದು ಮಧ್ಯಾಹ್ನ ಕಳೆಯಬೇಕು. ನನಗೆ ಬೇಕಾಗಿದ್ದು ಅಷ್ಟೇ. ನಲವತ್ತು ದಾಟಿದ ಹೆಂಗಸಿಗೆ ಇದು ದುರಾಸೆಯೇ? ನೀವೇ ಹೇಳಿ.

ಮೇ ಕೊನೆಯ ಮೆಮೋರಿಯಲ್ ಡೇ, ಸೋಮವಾರವೂ ಸೇರಿ ಮೂರು ದಿನದ ರಜೆ. ಮಕ್ಕಳನ್ನು ಕೇಟಿ ಊರಿನ ನಮ್ಮ ಮನೆಯಲ್ಲಿ ಅತ್ತೆಯವರ ಹತ್ತಿರ ಬಿಟ್ಟೆವು. ಮರ್ಫಿ ಎಂಬ ಊರಿನಿಂದ ಅವಿನಾಶ್ ಮತ್ತು ಅವನ ಹೆಂಡತಿ ಅನಘಾ ಬಂದು ನಮ್ಮ ವ್ಯಾನ್ ಹತ್ತಿದರು. ಅವಿನಾಶ್ ನಮ್ಮವರ ಕಾಲೇಜು ಗೆಳೆಯ. ನಮ್ಮವರು ಎಂದರೆ ಚಂದ್ರಮೋಹನ, ನನ್ನ ಯಜಮಾನರು.

ಮೊದಲ ವೈನರಿಯ ಕೌಂಟರಿನಲ್ಲಿ ಒಬ್ಬಳು ಹುಡುಗಿ ಎಲ್ಲರ ಕೈಗೆ ಕಾಗದದ ಪಟ್ಟಿ ಸುತ್ತುತ್ತಿದ್ದಳು. ಕುಡಿಯುವವರಿಗೆ ನೇರಳೆ ಬಣ್ಣದ್ದು, ಗಾಡಿ ಓಡಿಸುವವರಿಗೆ ಹಳದಿ. ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಇಂಗ್ಲಿಷಿನಲ್ಲಿ, ಇವಳು ಇದನ್ನೆಲ್ಲ ಮುಟ್ಟುವುದಿಲ್ಲ, ಇವಳೇ ನಮ್ಮ ಡ್ರೈವರ್ ಎಂದುಬಿಟ್ಟರು. ಹುಡುಗಿ ನನ್ನ ಮುಖವನ್ನೂ ನೋಡದೆ ಹಳದಿ ಸುತ್ತಿದಳು.

"ಡ್ರೈವರಿಗೆ ಸೋಡಾ ಫ್ರೀ ಅಂತೆ ಕಣೇ!" ನಮ್ಮವರಿಗೆ ಖುಷಿಯೋ ಖುಷಿ.

"ನೀವು ಲಕ್ಕಿ ಬಿಡಿ ಕುಮುದಾ," ಎಂದಳು ಅನಘಾ, ನೇರಳೆ ಪಟ್ಟಿಯ ಕೈಯಲ್ಲಿ ಗ್ಲಾಸ್ ಎತ್ತಿ. ಅವಳೇನೋ ಕುಡಿಯಬಹುದು. ಅವಳು ಮಾಡರ್ನ್. ನಾನು ನಮ್ಮವರ ಮನೆಯ ಮರ್ಯಾದೆ.

ನನ್ನನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ಬೇಡ ಎನ್ನುತ್ತಿದ್ದೆನೋ ಏನೋ. ಆದರೆ ಬೇಡ ಎನ್ನುವ ಬಾಯಿಯೂ ನನ್ನದಲ್ಲವೇ? ಮದುವೆಯಾದಾಗಿನಿಂದ ಪ್ರತಿ ಪಾರ್ಟಿಯಲ್ಲೂ ಇದೇ ಹಾಡು. ಎರಡನೇ ಪೆಗ್ ಇಳಿದ ಮೇಲೆ, "ನಮ್ಮ ಕುಮುದಾ ಇದನ್ನ ಮೂಸಿ ಕೂಡ ನೋಡಲ್ಲ," ಎಂದು ಎದೆಯುಬ್ಬಿಸುತ್ತಾರೆ. ಆಚಾರಕ್ಕೆ ನಾನು, ಬದನೆಕಾಯಿಗೆ ಅವರು! ಮೈಯೆಲ್ಲ ಉರಿಯಿತು. ಆದರೂ ಬೇರೆಯವರ ಮುಂದೆ ರಂಪ ಬೇಡವೆಂದು ನುಂಗಿಕೊಂಡೆ.

ಡ್ರೈವರ್ ಆದ ಮೇಲೆ ಕೂರುವುದಕ್ಕೂ ಪುರುಸೊತ್ತಿಲ್ಲ. ಅವಿನಾಶನಿಗೆ ತಲೆನೋವು ಬಂದರೆ ಮಾತ್ರೆ ತರಲು ನಾನು. ಐಸ್ ಮುಗಿದರೆ ನಾನು. ಅನಘಾ ತಂಪು ಕನ್ನಡಕ ಮರೆತಳೆಂದು ಬಾಡಿಗೆ ಮನೆಯವರೆಗೆ ಹೋಗಿ ಬಂದವಳೂ ನಾನೇ. "ಹೇಗೂ ನೀನು ಕುಡಿದಿಲ್ಲವಲ್ಲ," ಎನ್ನುವರು. ರಾತ್ರಿ ಬಂದು ಅನ್ನಕ್ಕಿಟ್ಟು ಪುಳಿಯೋಗರೆ ಕಲಸುವುದಕ್ಕೂ ಕುಡಿಯದಿರುವುದೇ ಅರ್ಹತೆ ಎಂದು ಆಗ ಗೊತ್ತಾಯಿತು. ಎರಡು ದಿನ ಸಮುದ್ರವನ್ನು ನಾನು ವ್ಯಾನಿನ ಕನ್ನಡಿಯಲ್ಲಿ ನೋಡಿದೆ.

ಇದೇನು ರಜೆಯೋ, ಬಿಟ್ಟಿ ಚಾಕರಿಯೋ?

ಸೋಮವಾರ ಮನೆ ಖಾಲಿ ಮಾಡಿ ಹೊರಟೆವು. ಮರುದಿನ ಬೆಳಗ್ಗೆ ನಮ್ಮವರಿಗೆ ಆಫೀಸಿನಲ್ಲಿ ದೊಡ್ಡ ಮೀಟಿಂಗ್, ತಯಾರಿ ಒಂದಿಷ್ಟೂ ಆಗಿರಲಿಲ್ಲ, ಬೇಗ ಕೇಟಿ ಸೇರಬೇಕು. ಆದರೂ ದಾರಿಯಲ್ಲಿ "ಒಂದೇ ಒಂದು ಗ್ಲಾಸ್" ಎಂದು ನಮ್ಮವರು ವ್ಯಾನ್ ನಿಲ್ಲಿಸಲು ಹೇಳಿದ್ದು ಎಲ್ಲಿ ಗೊತ್ತೇ? ನನ್ನ ಫೋಟೋದ ಜಗಲಿಯ ಮುಂದೆ. ಅದೇ ಕುರ್ಚಿಗಳು, ಅದೇ ಸಮುದ್ರ. ನನ್ನ ಕೈಗೆ ಮತ್ತೆ ಹಳದಿ. ಒಂದೇ ಗ್ಲಾಸ್ ಎಂದವರು ಎರಡನೆಯದಕ್ಕೆ ಹೇಳಿದರು. ನಾನು ಕುರ್ಚಿಯಲ್ಲಿ ಕೂತು ಆಗ ತಾನೇ ಚಪ್ಪಲಿ ಕಳಚಿದ್ದೆ.

"ಕುಮುದಾ, ಹೋಗಿ ವ್ಯಾನಿನ ಎಸಿ ಹಾಕಿಟ್ಟು ಬಾ. ನಾವು ಹತ್ತೋ ಹೊತ್ತಿಗೆ ತಣ್ಣಗಿರಲಿ," ಎಂದರು ನಮ್ಮವರು, ಸಮುದ್ರದಿಂದ ಕಣ್ಣು ತೆಗೆಯದೆ.

ಎದ್ದೆ. ವ್ಯಾನಿನ ಕಡೆಗಲ್ಲ, ಕೌಂಟರಿಗೆ ಹೋದೆ. ಹಳದಿ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ನೇರಳೆ ಹಾಕಿಸಿಕೊಂಡು, ಬಿಳಿ ವೈನಿನ ತುಂಬು ಗ್ಲಾಸ್ ಹಿಡಿದು ಬಂದು ಕೂತೆ. ಮೂವರೂ ನೋಡುತ್ತಿದ್ದಂತೆ ಒಂದು ಗುಟುಕು, ಮತ್ತೊಂದು ಗುಟುಕು.

"ಏಯ್, ತಮಾಷೆ ಸಾಕು. ಈಗ ಡ್ರೈವ್ ಮಾಡೋರು ಯಾರು?"

"ನಾನಂತೂ ಅಲ್ಲ."

ಅವಿನಾಶ್ ಅನಘಾಳ ಕೈ ನೋಡಿದ, ಅನಘಾ ನಮ್ಮವರ ಕೈ ನೋಡಿದಳು. ಎಲ್ಲವೂ ನೇರಳೆ. ಟ್ಯಾಕ್ಸಿ ಕೇಳಿದರೆ ಆ ಊರಿನಲ್ಲಿ ಅದು ಇಲ್ಲವೇ ಇಲ್ಲ.

"ನಾಳೆ ನನ್ನ ಮೀಟಿಂಗ್ ಇದೆ ಕಣೇ! ರಾತ್ರಿಯೆಲ್ಲ ಕೂತ್ಕೊಂಡು ಸ್ಲೈಡ್ ಮಾಡ್ಲಾ? ಅಮ್ಮನಿಗೆ ಏನು ಹೇಳೋದು?"

"ಇದ್ದದ್ದು ಇದ್ದ ಹಾಗೆ ಹೇಳಿ. ನಿಮ್ಮ ಮಗ ಮೂರು ದಿನದಿಂದ ಕುಡೀತಾ ಇದಾನೆ, ಸೊಸೆ ಇವತ್ತು ಒಂದು ಗ್ಲಾಸ್ ಕುಡಿದಳು ಅಂತ."

ಅಮಲು ಇಳಿಯುವವರೆಗೆ ನಮ್ಮವರು ಇನ್ನೇನು ಮಾಡುತ್ತಾರೆ? ಗ್ಲಾಸ್ ದೂರ ತಳ್ಳಿ, ನೀರು ತರಿಸಿಕೊಂಡು, ಮುಖ ಊದಿಸಿಕೊಂಡು ಕೂತರು. ನಾನು ಕಾಲು ಚಾಚಿದೆ. ವೈನ್ ನನಗೇನೂ ಹಿಡಿಸಲಿಲ್ಲ, ನಿಜ ಹೇಳಬೇಕಲ್ಲ. ಬರೀ ಹುಳಿ, ಕೊನೆಗೆ ಒಗರು. ಆದರೂ ತಳ ಕಾಣುವವರೆಗೆ ಕುಡಿದೆ. ನೀರಿನ ಮೇಲೆ ಪೆಲಿಕನ್ ಹಕ್ಕಿಗಳು ಸಾಲಾಗಿ ಹೋದವು. ಸಂಜೆಯವರೆಗೆ ನನ್ನನ್ನು ಯಾರೂ ಯಾವುದಕ್ಕೂ ಕರೆಯಲಿಲ್ಲ.

ಬಿಸಿಲು ಇಳಿದ ಮೇಲೆ ಅಲ್ಲಿಯ ಕೌಂಟರಿನ ಹುಡುಗಿ ಜಗಲಿಗೆ ಬಂದು, ಇನ್ನೊಂದು ಗ್ಲಾಸ್ ಕೊಡಲೇ ಎಂದು ನನ್ನನ್ನೇ ನೋಡಿ ಕೇಳಿದಳು. ನಮ್ಮವರ ಬಾಯಿ ಅಭ್ಯಾಸಬಲದಿಂದ ತೆರೆಯಿತು. ನನ್ನ ಕಡೆ ನೋಡಿದರು. ಬಾಯಿ ಹಾಗೇ ಮುಚ್ಚಿತು.

"ಬೇಡ," ಎಂದೆ ನಾನು.

ಆಮೇಲೆ ವ್ಯಾನಿನ ಕೀ ತೆಗೆದು ನಮ್ಮವರ ಅಂಗೈಯಲ್ಲಿಟ್ಟೆ.

"ಅಮಲು ಪೂರ್ತಿ ಇಳಿದಿದೆ ತಾನೇ? ಹೋಗಿ ಎಸಿ ಹಾಕಿಟ್ಟು ಬನ್ನಿ. ಸೂರ್ಯ ಮುಳುಗಿದ ಮೇಲೆ ಬರ್ತೀನಿ."