ಬಾಯಿಗೆ ಅಕ್ಕಿ

ಇಂದುವಿನ ತೀರಿಹೋದ ಅಮ್ಮ ಸತ್ಯವತಿಯ ಬಾಯಿಗೆ ಅಕ್ಕಿ ಹಾಕಲು ಕೆಲ್ಲರ್ ಬಾಗಿದಾಗ ಅವಳು ಅವನ ಮಣಿಕಟ್ಟನ್ನು ಹಿಡಿದುಕೊಂಡಳು. ಫ್ರೀಮಾಂಟ್ ಊರಿನ ಫ್ಯೂನರಲ್ ಹೋಮಿನಲ್ಲಿ ಅಕ್ಕಿ ಹಾಕಲು ಸಾಲುಗಟ್ಟಿದ್ದವರೆಲ್ಲ ಕತ್ತು ಚಾಚಿ ನೋಡಿದರು.

"ನೀವು ಬೇಡ," ಎಂದಳು ಇಂಗ್ಲಿಷಿನಲ್ಲಿ.

"ಬಿಡವ್ವಾ," ಸೋದರತ್ತೆ ನಂಜಮ್ಮ ಮೆಲ್ಲಗೆ ಗದರಿದರು. "ಸತ್ಯನ ಆಫೀಸ್ನೋರಲ್ವಾ? ಹಾರ ಬೇರೆ ತಂದವ್ರೆ."

"ಆಫೀಸಿನವರು ಅಂತಲೇ ಬೇಡ ಅತ್ತೆ."

*

ಸತ್ಯವತಿ ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ಹಳೆಯ ಬುಟ್ಟಿ, ಮಣಿಸರಗಳನ್ನು ಪೆಟ್ಟಿಗೆಗೆ ತುಂಬುವ ಕೆಲಸಕ್ಕಿದ್ದರು. ಡಾಟ್‌ಕಾಮ್ ಕಂಪನಿಗಳು ಕೊಟ್ಟ ದುಡ್ಡಿನಲ್ಲಿ ಹೊಸ ಕಟ್ಟಡ ಎದ್ದಾಗ ಮೂಳೆಗಳ ಕೋಣೆಯೂ ಅವರ ಪಾಲಿಗೆ ಬಂತು. ಫ್ರೀಮಾಂಟಿನ ಬಳಿಯ ಕೊಲ್ಲಿಯ ದಂಡೆಯಲ್ಲೇ ಬಾಳಿದ ಮೂಲನಿವಾಸಿ ಓಲೋನಿ ಜನರ ಸಮಾಧಿಗಳನ್ನು ಅಗೆದು ತಂದ ಮೂಳೆಗಳು. ಒಂದೊಂದರ ಮೇಲೂ ಶಾಯಿಯಲ್ಲಿ ಬರೆದ ನಂಬರು. ಸತ್ಯವತಿ ಮನೆಯಿಂದ ಹಿಡಿ ಅಕ್ಕಿ ಒಯ್ದು ಮೂಳೆಗಳಿದ್ದ ಪ್ರತಿ ಡ್ರಾಯರಿನಲ್ಲೂ ನಾಲ್ಕು ಕಾಳು ಇಟ್ಟುಬಂದರು.

ಹುಳ ಬಂದು ಸಂಗ್ರಹ ಹಾಳಾಗುತ್ತದೆಂದು ಅಲ್ಲಿನ ಮೇಲಧಿಕಾರಿ ಕೆಲ್ಲರ್ ಕೂಗಾಡಿದ. ಎಲ್ಲರೆದುರು, ಆ ಕಾಳುಗಳನ್ನು ಅವರ ಕೈಯಿಂದಲೇ ಹೆಕ್ಕಿಸಿದ.

"ಸಂಗ್ರಹ ಅಂತೆ ಕಣೆ," ಮನೆಗೆ ಬಂದು ಅಮ್ಮ ಹೇಳಿದ್ದರು. "ಹಲ್ಲು ಮೂಡದ ಕೂಸೂ ಇದೆ ಅದ್ರಲ್ಲಿ."

*

ಕೆಲ್ಲರ್ ಕೈ ಬಿಡಿಸಿಕೊಂಡ. "ನಿಮ್ಮ ತಾಯಿ ನಮ್ಮ ಸಂಗ್ರಹವನ್ನು ಎಷ್ಟು ಪ್ರೀತಿಯಿಂದ ನೋಡಿಕೊಂಡರು."

"ಅದು ಸಂಗ್ರಹವಲ್ಲ. ನನ್ನ ಜನ."

ಸಾಲಿನ ಕೊನೆಯಿಂದ ಹಾಗೆಂದವಳು ಓಲೋನಿ ಹೆಂಗಸು ಡೊಲೋರೆಸ್. ತನ್ನ ಹಿರಿಯರ ಮೂಳೆಗಳನ್ನು ಮಣ್ಣು ಮಾಡಲು ಕೊಡಿ ಎಂದು ವರ್ಷಗಳಿಂದ ಕೇಳುತ್ತಿದ್ದಳು. ಸರ್ಕಾರದ ಪಟ್ಟಿಯಲ್ಲಿ ನಿಮ್ಮ ಬುಡಕಟ್ಟೇ ಇಲ್ಲವೆಂದು ಕೆಲ್ಲರ್ ಪ್ರತಿಸಲ ವಾಪಸು ಕಳಿಸುತ್ತಿದ್ದ. ಆಗೆಲ್ಲ ಮ್ಯೂಸಿಯಮ್ಮಿನ ಹೊರಗಿನ ಬೆಂಚಿನಲ್ಲಿ ಸತ್ಯವತಿ ಅವಳೊಡನೆ ಚಿತ್ರಾನ್ನ ಹಂಚಿಕೊಳ್ಳುತ್ತಿದ್ದರು.

ಅಕ್ಕಿಯ ತಟ್ಟೆಯನ್ನು ಇಂದು ಡೊಲೋರೆಸ್‌ಗೆ ಚಾಚಿದಳು.

"ಯಾವ ಜಾತಿಯೋಳೋ ಏನೋ," ನಂಜಮ್ಮ ಗೊಣಗಿದರು.

"ಕೆಲ್ಲರ್ ಯಾವ ಜಾತಿ ಅತ್ತೆ?"

ನಂಜಮ್ಮ ಸೆರಗು ಸರಿಮಾಡಿಕೊಂಡರು. "ಬಲಗೈಲಿ ಹಾಕು ಅನ್ನು."

ಡೊಲೋರೆಸ್ ಅಕ್ಕಿ ಹಾಕಿ, ಬಾಗಿದಲ್ಲಿಂದ ಏಳದೆ ಕೇಳಿದಳು. "ಆಸ್ಪತ್ರೆಯವರು ಇವರ ದೇಹವನ್ನು ಯಾವಾಗ ಕೊಟ್ಟರು?"

"ನಿನ್ನೆ."

"ಕೇಳಿದ ಕೂಡಲೇ?"

ಹೌದೆಂದು ಇಂದು ತಲೆಯಾಡಿಸಿದಳು.

ಶವಪೆಟ್ಟಿಗೆಯ ಜೊತೆ ಎಲ್ಲರೂ ಹಿಂಬದಿಯ ಚಿತಾಗಾರದ ಬಾಗಿಲಿಗೆ ಬಂದಾಗ, ಇಲ್ಲಿಂದಾಚೆ ಮನೆಯವರು ಮಾತ್ರ ಎಂದ ನೌಕರ. ಕೆಲ್ಲರ್ ಥಟ್ಟನೆ ನಿಂತ. ಡೊಲೋರೆಸ್ ಕೂಡ ನಿಂತಳು, ಅಭ್ಯಾಸವಾದವಳ ಹಾಗೆ.

"ಇವರು?" ನೌಕರ ಡೊಲೋರೆಸ್‌ಳನ್ನು ತೋರಿಸಿ ಕೇಳಿದ.

ಇಂದು ತಾನು ಹಿಡಿದಿದ್ದ ಶವಪೆಟ್ಟಿಗೆಯ ತಲೆಯ ಕಡೆಯ ಹಿಡಿಯನ್ನು ಡೊಲೋರೆಸ್‌ಳ ಕೈಗಿತ್ತಳು. ತಾನು ಕಾಲಿನ ಕಡೆಗೆ ಹೋದಳು.