ಕಾಲುದೀಪದ ಕಪ್ಪು

ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ, ಲೇಬಲ್ ಅಚ್ಚುಹಾಕುವ ಮಷಿನು ದಿನವಿಡೀ ಗಡಗಡ ಎನ್ನುವ ಒಂದು ಕಟ್ಟಡದ ಎರಡನೇ ಮಾಳಿಗೆಯಲ್ಲಿ ಮುಕ್ತಾಳ ಆಫೀಸು. ಹಳೆಯ ವಿಗ್ರಹ, ದೀಪ, ಚಿತ್ರಪಟ, ಮರದ ಕೆತ್ತನೆ, ಏನೇ ತಂದರೂ ಅದು ಯಾವ ಕಾಲದ್ದು, ಎಷ್ಟು ಬೆಲೆ ಬಾಳುತ್ತದೆ ಎಂದು ಪರೀಕ್ಷಿಸಿ ಬರೆದುಕೊಡುವುದು ಅವಳ ಕಸುಬು. ಈ ಕಸುಬಿನಲ್ಲಿ ನಗುತ್ತಾ ಹೋದವರಿಗಿಂತ ಮುಖ ಊದಿಸಿಕೊಂಡು ಹೋದವರೇ ಹೆಚ್ಚು. ಪ್ರತಿಯೊಂದು ವಸ್ತುವಿನ ಜೊತೆ ಒಂದು ಕಥೆಯೂ ಮೆಟ್ಟಿಲು ಹತ್ತಿ ಬರುತ್ತದಲ್ಲ, ತಾಪತ್ರಯ ಅಲ್ಲಿಂದಲೇ ಶುರು. ಬದಲಾಪುರದ ಒಬ್ಬ ಮಹಾರಾಯ ಮುತ್ತಜ್ಜ ಯುದ್ಧದಲ್ಲಿ ಹಿಡಿದ ಕತ್ತಿ ಎಂದು ತಂದದ್ದು ನಾಟಕ ಕಂಪೆನಿಯ ತಗಡಿನ ಕತ್ತಿಯಾಗಿತ್ತು. ಹಾಗೆಂದು ಹೇಳಿದ ತಪ್ಪಿಗೆ ಅವನು ಮುಕ್ತಾಳ ಏಳು ತಲೆಮಾರನ್ನು ಜಾಲಾಡಿ ಹೋದ. ಹೋಗಲಿ. ಹನ್ನೆರಡು ವರ್ಷದಲ್ಲಿ ಅಂಥ ಬೈಗುಳವೆಲ್ಲ ಅವಳಿಗೆ ಅಭ್ಯಾಸವಾಗಿತ್ತು.

ಆದರೆ ಮೋಹನದಾಸನ ಮಾತನ್ನು ಹಾಗೆ ಕಿವಿಯಿಂದ ಆಚೆ ದಾಟಿಸುವಂತಿರಲಿಲ್ಲ. ಕಲ್ಯಾಣದ ಸ್ಟೇಷನ್ ಪಕ್ಕ ಅವನ ಹೋಟೆಲು. ಥಾಣೆಯಿಂದ ಕಲ್ಯಾಣದವರೆಗೆ ಊರ ಕಡೆಯ ಹೋಟೆಲಿನವರಲ್ಲಿ ಅವನ ಮಾತು ನಡೆಯುತ್ತಿತ್ತು. ಮುಕ್ತಾಳೂ ಉಡುಪಿ ಕಡೆಯವಳೇ. ಅವಳ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನ ಮೋಹನದಾಸಣ್ಣ ಕಳಿಸಿದ್ದು ಎನ್ನುತ್ತಲೇ ಒಳಗೆ ಕಾಲಿಡುತ್ತಿದ್ದರು. ಹಾಗಾಗಿ ಅವನು ಒಂದು ದಿನ ವಿಡಿಯೊ ಕಾಲ್ ಮಾಡಿ ತನ್ನ ಮನೆಯ ಬಾಲ್ಕನಿಯಲ್ಲಿದ್ದ ಕಾಲುದೀಪವನ್ನು ತೋರಿಸಿದಾಗ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಿದಳು. ಮೂರಡಿ ಎತ್ತರದ ಕಂಚು. ಬುಡದಿಂದ ತುದಿಯವರೆಗೆ ಎಣ್ಣೆ, ಹೊಗೆ ಕುಡಿದು ಗಟ್ಟಿಯಾದ ಕಪ್ಪು. ಮುಕ್ತಾ ಫೋನನ್ನು ಕಣ್ಣಿನ ಹತ್ತಿರ ತಂದಳು. ಇನ್ನೂರು ವರ್ಷಕ್ಕೆ ಕಡಿಮೆಯಿಲ್ಲ, ಯಾರೂ ಉಜ್ಜಿ ಹಾಳುಮಾಡಿಲ್ಲ, ಇಂಥದ್ದು ಈಗ ಸಿಗುವುದೇ ಅಪರೂಪ ಎಂದಳು. ಐರೋಲಿಯಲ್ಲಿ ಹೊಸ ಫ್ಲ್ಯಾಟು ತೆಗೆದುಕೊಂಡಿದ್ದೇವೆ, ಅಲ್ಲಿ ಇದಕ್ಕೆ ಜಾಗವಿಲ್ಲ, ಕೊಟ್ಟುಬಿಡುತ್ತೇನೆ ಎಂದ ಮೋಹನದಾಸ. ಮುಂಬಯಿಯ ಒಬ್ಬ ಸಂಗ್ರಾಹಕರು ಮುಕ್ತಾಳ ಮೊಹರು ಬಿದ್ದ ವರದಿಯಿದ್ದರೆ ಕಣ್ಣುಮುಚ್ಚಿ ಕೊಳ್ಳುವವರು. ಶನಿವಾರ ಬಂದು ಒಯ್ಯುತ್ತೇನೆ ಎಂದು ಅವರೂ ಒಪ್ಪಿದರು. ವರದಿ ಬರೆಯಲು ದೀಪವನ್ನು ಕಣ್ಣಾರೆ ನೋಡಬೇಕು, ಅಲ್ಲಿಯವರೆಗೆ ತೊಳೆಯಬೇಡಿ, ತಿಕ್ಕಬೇಡಿ, ಆ ಕಪ್ಪೇ ಅದರ ಬೆಲೆ ಎಂದು ಮುಕ್ತಾ ಫೋನಿನಲ್ಲಿ ಮೂರು ಮೂರು ಸಲ ಹೇಳಿದ್ದಳು.

ಗುರುವಾರ ಮಧ್ಯಾಹ್ನ ಹೋಟೆಲಿನ ಇಬ್ಬರು ಆಳುಗಳು ಬೆಡ್‌ಶೀಟಿನಲ್ಲಿ ಸುತ್ತಿದ ದೀಪವನ್ನು ಹೊತ್ತು ತಂದಿಟ್ಟು ಕೆಳಗಿಳಿದರು. ಹಿಂದೆ ಮೋಹನದಾಸ. ಅವನ ಹಿಂದೆ, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು, ಅವನ ತಾಯಿ ಸುಂದರಿಯಮ್ಮ. ಎಪ್ಪತ್ತೆಂಟರ ಜೀವ, ಮೊಣಕಾಲು ಹಿಡಿದುಕೊಂಡಿತ್ತು. ಡಾಕ್ಟರಲ್ಲಿಗೆ ಹೋಗುವುದಿತ್ತು, ಹಾಗೇ ಕರೆದುಕೊಂಡು ಬಂದೆ ಎಂದ ಮಗ. ಅವರು ಗೋಡೆ ಪಕ್ಕದ ಕುರ್ಚಿಯಲ್ಲಿ ಸೆರಗು ಸರಿಮಾಡಿಕೊಂಡು ಕೂತರು.

ಮುಕ್ತಾ ಬೆಡ್‌ಶೀಟು ಸರಿಸಿದಳು. ದೀಪ ಮದುವೆ ಛತ್ರದ ಹಂಡೆಯ ಹಾಗೆ ಲಕಲಕ ಹೊಳೆಯುತ್ತಿತ್ತು.

ಭೂತಗನ್ನಡಿ ಹಿಡಿದು ನೋಡಿದರೆ ಮೈತುಂಬ ತೆಂಗಿನ ನಾರಿನ ಗೀರು. ಸಂದುಗಳಲ್ಲಿ ಹುಣಸೆಹುಳಿಯ ಚೂರು. ಎಷ್ಟೋ ಹೆಂಗಸರು ಸಂಜೆ ಸಂಜೆಗೆ ಎರೆದ ಎಣ್ಣೆ ಅದರ ಮೈಯಲ್ಲಿತ್ತು, ಎಲ್ಲ ತೊಳೆದುಹೋಗಿತ್ತು. ಅವಳಿಗೆ ನಿಜಕ್ಕೂ ಅಳು ಬಂತು.

ಮೋಹನದಾಸ ಏನೂ ಆಗಿಲ್ಲವೆಂಬಂತೆ ಕುರ್ಚಿ ಎಳೆದುಕೊಂಡ. ಅಮ್ಮ ಸ್ವಲ್ಪ ಕ್ಲೀನ್ ಮಾಡಿದ್ದಾಳೆ, ಪ್ರಾಯ ಆಯಿತು, ಅವಳಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತದೆ ಎಂದ. ಆಮೇಲೆ ಬಾಗಿ, ದನಿ ತಗ್ಗಿಸಿ, ತಾನು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದ ಉಪಾಯವನ್ನು ಬಿಚ್ಚಿದ.

"ನೀವು ವಿಡಿಯೊದಲ್ಲಿ ಕಪ್ಪು ದೀಪ ನೋಡಿದ್ದೀರಿ ಅಲ್ವಾ ಮೇಡಂ? ಸುಳ್ಳು ಬರೆಯಿರಿ ಅಂತ ನಾನು ಹೇಳುವುದಿಲ್ಲ. ಅವತ್ತು ನೋಡಿದ್ದನ್ನು ಬರೆದು ಮೊಹರು ಒತ್ತಿ. ಉಳಿದದ್ದು ನಾನು ಸೆಟಿಂಗ್ ಮಾಡ್ತೇನೆ."

ಸೆಟಿಂಗ್ ಎಂದರೆ ಏನೆಂದು ಅವನೇ ವಿವರಿಸಿದ. ಎಣ್ಣೆ, ಮಸಿ ಬಳಿದು ಎರಡು ದಿನ ಒಲೆಯ ಪಕ್ಕ ಇಟ್ಟರೆ ಸಾಕಂತೆ. ಆಹಾ, ಏನು ಬುದ್ಧಿ! ಇನ್ನೂರು ವರ್ಷದ ಕಪ್ಪನ್ನು ಹೋಟೆಲಿನ ಅಡುಗೆಮನೆಯಲ್ಲಿ ಎರಡು ದಿನದಲ್ಲಿ ಬೇಯಿಸಿ ತೆಗೆಯುವವನು.

ಮುಕ್ತಾ ತಾಳ್ಮೆಯಿಂದಲೇ ಹೇಳಿದಳು. ದೀಪದ ವಯಸ್ಸು ಎಲ್ಲೂ ಹೋಗಿಲ್ಲ, ಅದನ್ನು ಬರೆಯುತ್ತೇನೆ. ಮೇಲ್ಮೈ ಇತ್ತೀಚೆಗೆ ತಿಕ್ಕಲ್ಪಟ್ಟಿದೆ ಎಂಬುದನ್ನೂ ಬರೆಯುತ್ತೇನೆ. ಅದನ್ನು ಓದಿದ ಮೇಲೆ ಸಂಗ್ರಾಹಕರು ಬೇಡ ಎಂದರೆ ತಾನೇನೂ ಮಾಡುವಂತಿಲ್ಲ.

ಅಷ್ಟೇ. ಮೋಹನದಾಸನ ಸಿಟ್ಟು ನೆತ್ತಿಗೇರಿತು. ಮೊದಲು ನಾವು ನಾವು ಊರಿನವರು ಎಂದ. ಆಮೇಲೆ ನಿಮ್ಮನ್ನು ಮೇಲೆ ತಂದವನೇ ನಾನು ಎಂದ. ಕೊನೆಗೆ, ಕಲ್ಯಾಣ, ಡೊಂಬಿವಲಿಯ ಒಬ್ಬನೇ ಒಬ್ಬ ಹೋಟೆಲಿನವ ಇನ್ನು ನಿಮ್ಮ ಮೆಟ್ಟಿಲು ಹತ್ತಿದರೆ ನನ್ನ ಹೆಸರು ಬೇರೆ ಇಡಿ, ಎಲ್ಲ ಗ್ರೂಪಿನಲ್ಲೂ ಹಾಕುತ್ತೇನೆ ಎಂದು ಮೇಜು ಗುದ್ದಿದ. ಮುಕ್ತಾಳಿಗೆ ಭಯವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅರ್ಧ ಗಿರಾಕಿ ಹೋದರೆ ಈ ಆಫೀಸು ಆರು ತಿಂಗಳು ಬಾಳುವುದಿಲ್ಲ. ಆದರೆ ಇವತ್ತು ಈ ಮೊಹರು ಒತ್ತಿದರೆ ನಾಳೆಯಿಂದ ಅದಕ್ಕೂ ಬದಲಾಪುರದವನ ತಗಡಿನ ಕತ್ತಿಗೂ ಏನು ವ್ಯತ್ಯಾಸ ಎಂದು ಯೋಚಿಸಿದ್ದೇ ಅವಳಿಗೆ ಮೈಯೆಲ್ಲ ಉರಿಯಿತು. ಕಂಪ್ಯೂಟರನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಇವತ್ತು ನನ್ನ ಕಣ್ಣ ಮುಂದೆ ಇರುವುದನ್ನು ಬರೀತೇನೆ ಮೋಹನದಾಸಣ್ಣ. ನೀವು ಯಾವ ಗ್ರೂಪಿನಲ್ಲಿ ಬೇಕಾದರೂ ಹಾಕಿ. ನನ್ನ ಹೆಸರು ಸರಿಯಾಗಿ ಬರೆದರೆ ಸಾಕು."

ಇಲ್ಲಿ ಕೈ ಸಾಗದೆ ಹೋದಾಗ ಅವನು ತಾಯಿಯ ಮೇಲೆ ತಿರುಗಿಬಿದ್ದ. ಬುದ್ಧಿಯಿಲ್ಲದವಳು, ಮೂಲೆಯಲ್ಲಿ ಸುಮ್ಮನೆ ಕೂತಿರಲಾರದವಳು, ಕೈಗೆ ಬಂದದ್ದನ್ನು ಹಾಳುಮಾಡಿದವಳು, ಬಾಯಿಗೆ ಬಂದಂತೆ ಅಂದ. ಸುಂದರಿಯಮ್ಮ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಮುಕ್ತಾಳಿಗೆ ತಡೆಯಲಾಗಲಿಲ್ಲ. ಅಮ್ಮನನ್ನು ನನ್ನ ಆಫೀಸಿನಲ್ಲಿ ಹಾಗೆಲ್ಲ ಅನ್ನಬೇಡಿ ಎಂದು ಗದರಿ, ಬಾಯಿ ಮುಚ್ಚಿಸಲು ವರದಿಯ ಮುಂದಿನ ಪ್ರಶ್ನೆ ಕೇಳಿದಳು. ಯಾವ ವಸ್ತುವಿಗೂ ಅದು ಹೇಗೆ ಮನೆಗೆ ಬಂತು, ಯಾರದ್ದು ಎಂದು ಬರೆಯದೆ ಅವಳು ವರದಿ ಕೊಡುವುದಿಲ್ಲ. ಮೋಹನದಾಸ ಕೈಬೀಸಿ, ನಮ್ಮ ಅಜ್ಜನ ಕಾಲದ್ದು, ನನ್ನ ಹೆಸರು ಹಾಕಿ ಎಂದ.

"ನಿನ್ನ ಅಜ್ಜನ ಮನೆಯಲ್ಲಿ ಚಿಮಣಿ ದೀಪ ಇದ್ದದ್ದು," ಎಂದರು ಸುಂದರಿಯಮ್ಮ.

ಅವರು ಮುಕ್ತಾಳ ಕಡೆಗೇ ತಿರುಗಿ, ಅವಸರವಿಲ್ಲದೆ ಹೇಳಿದರು. ಅದು ಅವರ ತಾಯಿಮನೆಯ ದೀಪ. ಅವರ ಮನೆತನದ ಕಟ್ಟುಕಟ್ಟಳೆಯಲ್ಲಿ ಮನೆಯ ದೀಪ ತಾಯಿಯಿಂದ ಮಗಳಿಗೆ ಹೋಗುತ್ತದೆ, ಗಂಡುಮಕ್ಕಳಿಗೆ ಅದರ ಮೇಲೆ ಹಕ್ಕಿಲ್ಲ. ಮದುವೆಯಾಗಿ ಬರುವಾಗ ಕಳಚಿ ಮೂರು ತುಂಡು ಮಾಡಿ, ಬಸ್ಸಿನಲ್ಲಿ ಬುಡವನ್ನು ಕಾಲಡಿಗೆ, ಉಳಿದದ್ದನ್ನು ಮಡಿಲಲ್ಲಿ ಇಟ್ಟುಕೊಂಡು ಅವರೇ ತಂದದ್ದು. ತಮ್ಮ ಕಾಲದ ನಂತರ ಅದು ಡೊಂಬಿವಲಿಯಲ್ಲಿರುವ ಮಗಳು ಮಾನಸಿಗೆ. ಟೈಲ್ಸಿಗೆ ಎಣ್ಣೆ ತಾಗುತ್ತದೆಂದು ಮಗ ಅದನ್ನು ಬಾಲ್ಕನಿಗೆ ಹಾಕಿದಾಗ ಸುಮ್ಮನಿದ್ದರಂತೆ. ಮಾರುವ ಮಾತನ್ನು ಮಾತ್ರ ಯಾರೂ ಅವರ ಹತ್ತಿರ ಆಡಿರಲಿಲ್ಲ. ಕೇಳಿಸಿಕೊಂಡದ್ದು ಫೋನಿನಲ್ಲಿ.

"ಇವನು ಫೋನು ಜೋರಾಗಿ ಇಟ್ಟು ಮಾತಾಡುವುದು. ಕಪ್ಪೇ ಅದರ ಬೆಲೆ ಅಂತ ನೀವು ಹೇಳಿದ್ದು ನನಗೂ ಕೇಳಿತು ಮಗಾ. ನನ್ನ ಅಮ್ಮ ಆ ದೀಪಕ್ಕೆ ಹುಣಸೆಹುಳಿ ಮುಟ್ಟಿಸಿದವರಲ್ಲ, ಬಟ್ಟೆಯಲ್ಲಿ ಒರೆಸುವುದು ಮಾತ್ರ. ಅದೆಲ್ಲ ನನಗೆ ಗೊತ್ತುಂಟು. ಗೊತ್ತಿದ್ದೇ ಎರಡು ಮಧ್ಯಾಹ್ನ ಕೂತು ತಿಕ್ಕಿದೆ. ಬೆಲೆ ಇಲ್ಲದಿದ್ದರೆ ಯಾರು ಒಯ್ಯುತ್ತಾರೆ?"

ಮುಕ್ತಾ ಅವರ ಕೈ ನೋಡಿದಳು. ಹುಳಿ ತಿಂದ ಬೆರಳ ತುದಿಗಳು ಇನ್ನೂ ಬಿರಿದೇ ಇದ್ದವು. ಇಷ್ಟು ಹೊತ್ತು ತಾನೂ ಈ ಹೆಂಗಸನ್ನು ಏನೂ ತಿಳಿಯದ ಮುದುಕಿ ಎಂದೇ ಎಣಿಸಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ತಡೆಯಲಾರದ ಸಂತೋಷವಾಯಿತು. ಒಡೆಯರು ಎಂಬಲ್ಲಿ ಸುಂದರಿಯಮ್ಮನ ಹೆಸರು ಹಾಕಿ, ವರದಿಯನ್ನು ಪ್ರಿಂಟ್ ತೆಗೆದು, ಮೊಹರನ್ನು ಒತ್ತಿ, ಎರಡೂ ಕೈಯಲ್ಲಿ ಅವರಿಗೇ ಕೊಟ್ಟಳು.

ಮೋಹನದಾಸ ಬಿಡುವ ಆಸಾಮಿಯಲ್ಲ. ಈ ವರದಿ ತನಗೆ ಒಪ್ಪಿಗೆಯಿಲ್ಲ, ನಿಮ್ಮ ದೂರಿನ ಪುಸ್ತಕದಲ್ಲಿ ಬರೆದುಕೊಳ್ಳಿ, ಈಗಲೇ ಎಂದು ಹಟ ಹಿಡಿದ. ದೂರು ಕೊಡುವ ಅಧಿಕಾರ ಒಡೆಯರಿಗೆ ಮಾತ್ರ ಎಂದಳು ಮುಕ್ತಾ. ಆಮೇಲೆ ಪೆನ್ನು ಹಿಡಿದು, ದೊಡ್ಡ ಗಿರಾಕಿಗಳನ್ನು ಕೇಳುವಷ್ಟೇ ಮರ್ಯಾದೆಯಿಂದ ಮುದುಕಿಯ ಕಡೆ ತಿರುಗಿದಳು.

"ನಿಮಗೆ ಏನಾದರೂ ಅಸಮಾಧಾನ ಉಂಟಾ ಅಮ್ಮ?"

ಸುಂದರಿಯಮ್ಮ ಕುರ್ಚಿಯ ಕೈ ಹಿಡಿದು ಕಷ್ಟಪಟ್ಟು ಎದ್ದು ಬಂದು, ದೀಪವನ್ನು ಸ್ವಲ್ಪ ವಾಲಿಸಿ ಬುಡದ ಒಳಬದಿ ತೋರಿಸಿದರು.

"ಒಂದು ಉಂಟು. ಇಲ್ಲಿ ಇನ್ನೂ ಚೂರು ಕಪ್ಪು ಉಳಿದಿದೆ, ಮೊಣಕಾಲು ಬಗ್ಗಲಿಲ್ಲ. ನಾಳೆ ಅದನ್ನೂ ತಿಕ್ಕುತ್ತೇನೆ, ಬರೆದುಕೊಳ್ಳಿ."